ಹೆಡ್‌ಲೈಟ್ ಮಂಕಾಗಲಿಲ್ಲ, ಸೆಲ್ಫ್ ಮಾತ್ರ ಟಕಟಕ

ಕೀ ತಿರುಗಿಸಿದರೆ ಬಾನೆಟ್ ಒಳಗಿಂದ ಟಕಟಕಟಕ ಎಂದು ಒಂದೇ ಸಮನೆ ಸದ್ದು. ಎಂಜಿನ್ ಅರ್ಧ ಸುತ್ತೂ ತಿರುಗುತ್ತಿಲ್ಲ. ಕಾರು 11 ವರ್ಷ ಹಳೆಯದು, ಮೂರು ಸಿಲಿಂಡರಿನ 1 ಲೀಟರ್ ಪೆಟ್ರೋಲ್ ಎಂಜಿನ್, ಮ್ಯಾನುಯಲ್ ಗೇರ್, 12 ವೋಲ್ಟಿನ 35 ಆಂಪಿಯರ್-ಅವರ್ ಬ್ಯಾಟರಿ. ನಿಂತಿದ್ದದ್ದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ನೋಡಿದವರದ್ದೆಲ್ಲ ಒಂದೇ ತೀರ್ಪು: "ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕ್ಸಿಬಿಡಿ." ಆ ಬ್ಯಾಟರಿ ಹಾಕಿ 14 ತಿಂಗಳಷ್ಟೇ ಆಗಿತ್ತು. ಬೇಗ ಹಾಳಾಗಬಾರದು ಅಂತೇನಿಲ್ಲ, ಆದರೆ ಅಳೆಯದೆ ಅದರ ಮೇಲೆ ಗೂಬೆ ಕೂರಿಸುವುದೂ ಸರಿಯಲ್ಲ.

ಸ್ಪ್ಯಾನರ್ ಹಿಡಿಯುವ ಮೊದಲು ಕಿವಿ ಕೊಡಬೇಕು. ಸ್ಟಾರ್ಟ್ ಆಗದ ಕಾರು ಮೂರು ಥರ ಸದ್ದು ಮಾಡುತ್ತದೆ. ಡ್ಯಾಶ್‌ಬೋರ್ಡ್ ಕೆಳಗಿಂದಲೋ ಫ್ಯೂಸ್ ಬಾಕ್ಸಿನಿಂದಲೋ ಸಣ್ಣಗೆ ಟಿಕ್ ಎಂದರೆ ಅದು ರಿಲೇ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್. ಎಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರಿನವರೆಗೆ ಕರೆಂಟೇ ಹೋಗಿಲ್ಲ. ಎಂಜಿನ್ ಪಕ್ಕದಿಂದ ಗಟ್ಟಿಯಾಗಿ ಒಂದೇ ಒಂದು ಟಕ್ ಎಂದರೆ ಸೆಲ್ಫ್ ಮೇಲೆ ಕೂತಿರುವ ಸಾಲಿನಾಯ್ಡ್ ಎಂಬ ವಿದ್ಯುತ್ ಅಯಸ್ಕಾಂತ ಎಳೆದುಕೊಂಡಿದೆ, ಆದರೆ ಮೋಟರ್ ತಿರುಗಿಲ್ಲ. ಟಕಟಕಟಕ ಎಂದರೆ ಸಾಲಿನಾಯ್ಡ್ ಎಳೆದುಕೊಳ್ಳುತ್ತಿದೆ, ಬಿಡುತ್ತಿದೆ, ಮತ್ತೆ ಎಳೆದುಕೊಳ್ಳುತ್ತಿದೆ. ಸದ್ದು ಎಲ್ಲಿಂದ ಬರುತ್ತಿದೆ ಅಂತ ಒಬ್ಬರು ಕೀ ತಿರುಗಿಸುವಾಗ ಇನ್ನೊಬ್ಬರು ಬಾನೆಟ್ ಬಳಿ ನಿಂತು ಕೇಳಬೇಕು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ, ದುಪಟ್ಟಾ, ಟೈ, ಉದ್ದ ತೋಳು ಯಾವುದೂ ಫ್ಯಾನ್ ಬೆಲ್ಟ್ ಹತ್ತಿರ ಹೋಗಬಾರದು.

ಟಕಟಕ ಏಕೆ ಎನ್ನುವುದು ಸಾಲಿನಾಯ್ಡ್ ಒಳಗಿನ ಎರಡು ಸುರುಳಿಗಳ ಆಟ. ಒಂದು ಎಳೆಯುವ ಸುರುಳಿ, ಇನ್ನೊಂದು ಹಿಡಿದಿಟ್ಟುಕೊಳ್ಳುವ ಸುರುಳಿ. ಕೀ ತಿರುಗಿಸಿದಾಗ ಎರಡೂ ಸೇರಿ ಒಳಗಿನ ಕಬ್ಬಿಣದ ದಿಂಡನ್ನು ಎಳೆಯುತ್ತವೆ. ಅದರ ಒಂದು ಕೊನೆ ಸೆಲ್ಫಿನ ಸಣ್ಣ ಹಲ್ಲುಚಕ್ರವಾದ ಪಿನಿಯನ್ನನ್ನು ಎಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲಿನ ಹಲ್ಲಿಗೆ ತಳ್ಳುತ್ತದೆ, ಇನ್ನೊಂದು ಕೊನೆ ತಾಮ್ರದ ಬಿಲ್ಲೆಯೊಂದನ್ನು ಎರಡು ದಪ್ಪ ಬೋಲ್ಟುಗಳ ನಡುವೆ ಕೂರಿಸುತ್ತದೆ. ಬಿಲ್ಲೆ ಕೂತ ಕ್ಷಣ ಮೋಟರಿಗೆ ನೂರಾರು ಆಂಪಿಯರ್ ನುಗ್ಗುತ್ತದೆ, ಎಳೆಯುವ ಸುರುಳಿ ತಾನಾಗಿ ಸುಮ್ಮನಾಗುತ್ತದೆ, ಏಕೆಂದರೆ ಅದರ ಎರಡೂ ತುದಿಗೆ ಈಗ ಒಂದೇ ವೋಲ್ಟೇಜ್. ಉಳಿಯುವುದು ಹಿಡಿದಿಟ್ಟುಕೊಳ್ಳುವ ಸುರುಳಿ ಮಾತ್ರ. ಈ ಹೊತ್ತಿಗೆ ವೋಲ್ಟೇಜ್ ಕುಸಿದರೆ ಅದಕ್ಕೆ ಹಿಡಿದಿಡಲು ಶಕ್ತಿ ಸಾಲದು. ದಿಂಡು ಹಿಂದಕ್ಕೆ ಬೀಳುತ್ತದೆ, ಹೊರೆ ತಪ್ಪಿದ್ದರಿಂದ ವೋಲ್ಟೇಜ್ ಮತ್ತೆ ಏರುತ್ತದೆ, ಮತ್ತೆ ಎಳೆಯುತ್ತದೆ. ಟಕಟಕಟಕ. ಅಂದರೆ ಈ ಸದ್ದು ಹೇಳುತ್ತಿರುವುದು "ನನ್ನ ಹತ್ತಿರ ವೋಲ್ಟೇಜ್ ಕುಸಿಯುತ್ತಿದೆ" ಎಂದಷ್ಟೇ. ಬ್ಯಾಟರಿಯಲ್ಲೇ ಕುಸಿಯುತ್ತಿದೆಯೋ ದಾರಿಯಲ್ಲೋ ಅನ್ನುವುದನ್ನು ಅದು ಹೇಳುವುದಿಲ್ಲ.

ಅದನ್ನು ಹೇಳುವುದು ಹೆಡ್‌ಲೈಟ್. ಬೇಸ್‌ಮೆಂಟಿನ ಗೋಡೆಗೆ ಬೆಳಕು ಬೀಳುವಂತೆ ಹಾಕಿ ಕೀ ತಿರುಗಿಸಿದೆವು. ಬ್ಯಾಟರಿ ಖಾಲಿಯಾಗಿದ್ದರೆ ಟಕಟಕದ ಜೊತೆ ಬೆಳಕೂ ಸತ್ತು ಹುಟ್ಟುತ್ತದೆ. ಇಲ್ಲಿ ಬೆಳಕು ತುಸು ನಡುಗಿತು, ಮಂಕಾಗಲಿಲ್ಲ. ಬ್ಯಾಟರಿಯ ಮೇಲಿನ ಆರೋಪ ಸಡಿಲವಾದದ್ದು ಅಲ್ಲೇ.

ಮುಂದೆ ಮಲ್ಟಿಮೀಟರ್, ಡಿಸಿ 20 ವೋಲ್ಟ್ ರೇಂಜಿನಲ್ಲಿ. ಕಡ್ಡಿಗಳನ್ನು ಕ್ಲಾಂಪಿನ ಮೇಲಲ್ಲ, ಬ್ಯಾಟರಿಯ ಸೀಸದ ಮೊಳೆಯ ನೆತ್ತಿಯ ಮೇಲೇ ಒತ್ತಬೇಕು. ಏನೂ ಹಾಕದೆ ರಾತ್ರಿಯಿಡೀ ನಿಂತಿದ್ದ ಬ್ಯಾಟರಿ 12.48 ತೋರಿಸಿತು. ಪೂರ್ತಿ ಚಾರ್ಜ್ ಆಗಿದ್ದರೆ 12.6ರಿಂದ 12.7, 12.4 ಎಂದರೆ ಮುಕ್ಕಾಲು, 12.2 ಅರ್ಧ, 12.0 ಕಾಲು ಭಾಗ, 11.9ಕ್ಕಿಂತ ಕೆಳಗೆ ಖಾಲಿ. ಎಷ್ಟು ಚಾರ್ಜ್ ಕೊಟ್ಟರೂ 10.5ರ ಆಸುಪಾಸಿನಲ್ಲೇ ನಿಂತರೆ ಆರು ಸೆಲ್ಲುಗಳಲ್ಲಿ ಒಂದು ಸತ್ತಿದೆ ಎಂದು ಅರ್ಥ. ನಮ್ಮದು ಮುಕ್ಕಾಲಿಗಿಂತ ಸ್ವಲ್ಪ ಮೇಲೆ. ಸುಮ್ಮನಿರುವ ವೋಲ್ಟೇಜನ್ನು ಪೂರ್ತಿ ನಂಬುವ ಹಾಗಿಲ್ಲ, ಸೋತ ಬ್ಯಾಟರಿಯೂ ಹೊರೆಯಿಲ್ಲದಾಗ 12.5 ತೋರಿಸಬಲ್ಲದು. ಕೀ ತಿರುಗಿಸಿ ಹಿಡಿದಾಗ ಮೊಳೆಗಳ ಮೇಲೆ ಎಷ್ಟು ಉಳಿಯುತ್ತದೆ ಅನ್ನುವುದೇ ನಿಜವಾದ ಪರೀಕ್ಷೆ. ಚೆನ್ನಾಗಿರುವ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಇಲ್ಲಿ ಅಂಕಿ ಕುಣಿಯುತ್ತಿತ್ತು, ಆದರೆ ಮೀಟರಿನ ಕನಿಷ್ಠ ಅಂಕಿ ಹಿಡಿಯುವ ಗುಂಡಿ ಒತ್ತಿ ನೋಡಿದರೆ 11.4. ಅಷ್ಟು ಉಳಿದಿದೆ ಎಂದರೆ ಬ್ಯಾಟರಿಯಿಂದ ಕೇಳಬೇಕಾದಷ್ಟು ಕರೆಂಟನ್ನು ಯಾರೂ ಕೇಳುತ್ತಲೇ ಇಲ್ಲ. ಇಷ್ಟು ಚಿಕ್ಕ ಪೆಟ್ರೋಲ್ ಎಂಜಿನ್ ತಿರುಗಿಸಲು ಸೆಲ್ಫ್ ಸರಿಸುಮಾರು 100ರಿಂದ 150 ಆಂಪಿಯರ್ ಎಳೆಯಬೇಕು, ಆಗ ಈ ಗಾತ್ರದ ಬ್ಯಾಟರಿ ಹತ್ತೂವರೆ ಆಸುಪಾಸಿಗೆ ಇಳಿಯುವುದು ಸಹಜ. ಇಳಿಯುತ್ತಿಲ್ಲ ಎಂದರೆ ದಾರಿಯಲ್ಲಿ ಎಲ್ಲೋ ತಡೆ.

ಈ ಹಂತದಲ್ಲಿ ಪಕ್ಕದ ಕಾರಿನಿಂದ ಜಂಪ್ ಮಾಡಿ ನೋಡೋಣ ಅಂದದ್ದು ಒಳ್ಳೆಯದೇ ಆಯಿತು, ರೋಗ ಅಲ್ಲೇ ಸಿಕ್ಕಿಬಿದ್ದದ್ದು. ಜಂಪ್ ಕೇಬಲ್ ಹಾಕುವ ಕ್ರಮ ಇದು: ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯ ಕಪ್ಪು ಕ್ಲಿಪ್ ಸತ್ತ ಕಾರಿನ ಎಂಜಿನ್ನಿನ ಬರಿಯ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ಕ್ಲಿಪ್ ಹಾಕುವಾಗ ಕಿಡಿ ಹಾರುತ್ತದೆ, ಬ್ಯಾಟರಿಯ ಬಾಯಲ್ಲಿ ಹೈಡ್ರೋಜನ್ ಇರಬಹುದು, ಅದಕ್ಕೇ ದೂರ. ಪಕ್ಕದ ಕಾರಿನವರು ಅವಸರದಲ್ಲಿ ನಾಲ್ಕನೆಯ ಕ್ಲಿಪ್ಪನ್ನೂ ಬ್ಯಾಟರಿಯ ಮೈನಸ್‌ಗೇ ಕಚ್ಚಿಸಿದ್ದರು. ಎರಡು ಬ್ಯಾಟರಿಯ ಬಲವಿದ್ದೂ ಅದೇ ಟಕಟಕ. ಆ ಕ್ಲಿಪ್ ತೆಗೆದು ಎಂಜಿನ್ ಎತ್ತಲು ಇರುವ ಕಬ್ಬಿಣದ ಕೊಕ್ಕೆಗೆ ಹಾಕಿದ್ದೇ ತಡ, ಕೀ ಮುಟ್ಟಿದರೆ ಎಂಜಿನ್ ಓಡಿತು.

ಎರಡಕ್ಕೂ ಇರುವ ವ್ಯತ್ಯಾಸ ಒಂದೇ: ಬ್ಯಾಟರಿ ಮೈನಸ್‌ನಿಂದ ಎಂಜಿನ್ನಿಗೆ ಹೋಗುವ ಅರ್ತ್ ಕೇಬಲ್. ಸೆಲ್ಫಿನ ಕರೆಂಟ್ ವಾಪಸ್ ಬರುವುದು ಅದರ ಮೂಲಕ. ಕ್ಲಿಪ್ ಎಂಜಿನ್ನಿಗೆ ಬಿದ್ದಾಗ ಆ ಕೇಬಲ್ಲನ್ನು ಬಿಟ್ಟು ಹೋಗುವ ಹೊಸ ದಾರಿ ತೆರೆಯಿತು. ಎಷ್ಟೋ ಒಳ್ಳೆಯ ಬ್ಯಾಟರಿಗಳು ಗುಜರಿಗೆ ಹೋಗುವುದು ಹೀಗೆ. ಜಂಪನ್ನು ಸರಿಯಾದ ಕ್ರಮದಲ್ಲೇ ಮಾಡುತ್ತಾರೆ, ಗಾಡಿ ಸ್ಟಾರ್ಟ್ ಆಗುತ್ತದೆ, "ನೋಡಿ, ಬ್ಯಾಟರಿಯೇ ಹೋಗಿತ್ತು" ಎಂದು ಹೊಸದು ಹಾಕುತ್ತಾರೆ. ಹಾಕುವಾಗ ಕೇಬಲ್ ಅಲುಗಾಡಿ ಒಂದು ವಾರ ಸರಿಹೋಗಿರುತ್ತದೆ. ಆಮೇಲೆ ಮತ್ತೆ ಟಕಟಕ.

ಹೆಡ್‌ಲೈಟ್ ಮಂಕಾಗದ ಗುಟ್ಟೂ ಇಲ್ಲೇ ಇದೆ. ಮೈನಸ್ ಕ್ಲಾಂಪಿನಿಂದ ಎರಡು ತಂತಿ ಹೊರಡುತ್ತವೆ, ತೆಳುವಾದದ್ದು ಪಕ್ಕದಲ್ಲೇ ಕಾರಿನ ಬಾಡಿಯ ಲೋಹಕ್ಕೆ, ದಪ್ಪದ್ದು ಗೇರ್‌ಬಾಕ್ಸಿನ ಮೇಲೆ ಒಂದು ಬೋಲ್ಟಿಗೆ. ದೀಪ, ಹಾರ್ನ್, ವೈಪರ್ ಎಲ್ಲಕ್ಕೂ ಬಾಡಿ ಅರ್ತ್ ಸಾಕು. ಸೆಲ್ಫ್‌ಗೆ ಮಾತ್ರ ದಪ್ಪದ್ದೇ ಬೇಕು.

ಆದರೂ ಅಂದಾಜಿನ ಮೇಲೆ ಕೇಬಲ್ ಬದಲಿಸುವುದಕ್ಕೂ ಅಂದಾಜಿನ ಮೇಲೆ ಬ್ಯಾಟರಿ ಬದಲಿಸುವುದಕ್ಕೂ ಏನು ವ್ಯತ್ಯಾಸ? ವೋಲ್ಟ್ ಎಲ್ಲಿ ಸೋರುತ್ತಿದೆ ಎಂದು ತುಂಡು ತುಂಡಾಗಿ ಅಳೆದೆವು. ಮೊದಲು ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು ಪಕ್ಕಕ್ಕಿಟ್ಟೆವು, ಅಳೆಯುವಾಗ ಎಂಜಿನ್ ಓಡಿಬಿಡಬಾರದು. ಒಂದು ಸಲಕ್ಕೆ 5 ಸೆಕೆಂಡಿಗಿಂತ ಹೆಚ್ಚು ಕೀ ಹಿಡಿಯಬಾರದು, ನಡುವೆ ಅರ್ಧ ನಿಮಿಷ ಬಿಡುವು ಕೊಡಬೇಕು. ಮೀಟರನ್ನು ಆಂಪಿಯರ್ ರೇಂಜಿಗಂತೂ ಇಡಲೇಬಾರದು. 10 ಆಂಪಿಯರ್ ಮೀಟರಿಗೆ 100 ಆಂಪಿಯರ್ ನುಗ್ಗಿದರೆ ಫ್ಯೂಸ್ ಹೋದರೆ ಪುಣ್ಯ.

ಪ್ಲಸ್ ಕಡೆ ಮೊದಲು. ಒಂದು ಕಡ್ಡಿ ಬ್ಯಾಟರಿ ಪ್ಲಸ್ ಮೊಳೆಗೆ, ಇನ್ನೊಂದು ಸೆಲ್ಫಿನ 30ನೇ ಟರ್ಮಿನಲ್‌ಗೆ, ಅಂದರೆ ದಪ್ಪ ಕೆಂಪು ಕೇಬಲ್ ಬಂದು ಸೇರುವ ಬೋಲ್ಟಿಗೆ. ಕೀ ತಿರುಗಿಸಿದಾಗ 0.15 ವೋಲ್ಟ್. 0.5ರವರೆಗೆ ಸಹಿಸಬಹುದು, ಇದು ತಕರಾರಿಲ್ಲದ ಅಂಕಿ. ಮೈನಸ್ ಕಡೆ: ಒಂದು ಕಡ್ಡಿ ಮೈನಸ್ ಮೊಳೆಗೆ, ಇನ್ನೊಂದು ಎಂಜಿನ್ ಕೊಕ್ಕೆಗೆ. ಇಲ್ಲಿ 0.2 ಇರಬೇಕಾದ ಕಡೆ ಅಂಕಿ ಕುಣಿದು ಗರಿಷ್ಠ 8.1 ವೋಲ್ಟ್ ಮುಟ್ಟಿತು. ಬ್ಯಾಟರಿ ಕೊಟ್ಟ ಹನ್ನೊಂದೂವರೆಯಲ್ಲಿ ಎಂಟು ವಾಪಸ್ ದಾರಿಯಲ್ಲೇ ಕಳೆದುಹೋಗಿ, ಸೆಲ್ಫಿಗೆ ಉಳಿದದ್ದು ಮೂರು ಚಿಲ್ಲರೆ.

ಆ ಎಂಟನ್ನು ಇನ್ನೂ ಒಡೆದೆವು. ಮೊಳೆಯಿಂದ ಕ್ಲಾಂಪಿಗೆ 0.04. ಕೇಬಲ್ ತುದಿಯಲ್ಲಿ ಬೋಲ್ಟಿಗೆ ಸಿಕ್ಕಿಸುವ ತೂತಿನ ತಗಡಾದ ಲಗ್‌ನಿಂದ ಗೇರ್‌ಬಾಕ್ಸಿನ ಲೋಹಕ್ಕೆ 0.15. ಉಳಿದದ್ದೆಲ್ಲ, 7.9, ಕ್ಲಾಂಪಿನಿಂದ ಲಗ್‌ವರೆಗಿನ ಅರ್ಧ ಮೀಟರ್ ಕೇಬಲ್ಲಿನೊಳಗೆ. ಕಡ್ಡಿಯನ್ನು ಬೋಲ್ಟಿನ ತಲೆಯ ಮೇಲಲ್ಲ, ಲಗ್‌ನ ತಗಡಿನ ಮೇಲೇ ಒತ್ತಬೇಕು, ಇಲ್ಲದಿದ್ದರೆ ಎರಡು ಜೋಡಣೆಯ ಲೆಕ್ಕ ಕಲೆಸಿಹೋಗುತ್ತದೆ. ನಾಲ್ಕೈದು ಸಲ ಸೆಲ್ಫ್ ಹೊಡೆದಾದ ಮೇಲೆ ಕೈಯಿಟ್ಟು ನೋಡಿದರೆ ಲಗ್‌ನ ಬುಡ ಬೆಚ್ಚಗಿತ್ತು. ವೋಲ್ಟ್ ಎಲ್ಲಿ ಕಳೆಯುತ್ತದೋ ಬಿಸಿ ಅಲ್ಲೇ ಹುಟ್ಟುತ್ತದೆ. ಮೀಟರ್ ಇಲ್ಲದವರು ಹೀಗೆ ಮುಟ್ಟಿ ಹುಡುಕಬಹುದು, ಮೊದಲು ಬೆರಳ ಹಿಂಬದಿಯಿಂದ, ಜೋಪಾನ.

ಕೇಬಲ್ ಬಿಚ್ಚಿ ಓಮ್ ರೇಂಜಿನಲ್ಲಿ ನೋಡಿದರೆ ಆಗದೇ ಎಂದು ಕೇಳುವವರುಂಟು. ಆಗದು. ಇಲ್ಲಿನ ತಡೆ 0.1 ಓಮಿನಷ್ಟು. 80 ಆಂಪಿಯರ್ ಹರಿದರೆ 8 ವೋಲ್ಟ್ ನುಂಗಲು ಅಷ್ಟು ಸಾಕು. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದರೇ ಸಾದಾ ಮೀಟರ್ 0.2, 0.3 ತೋರಿಸುತ್ತದೆ. ಬಜರ್ ಹಾಕಿದರೆ "ಪೀಂ" ಎಂದು ಪಾಸ್ ಮಾಡಿಬಿಡುತ್ತದೆ. ನೂರು ಎಳೆಯಲ್ಲಿ ನಾಲ್ಕು ಎಳೆ ಉಳಿದಿದ್ದರೂ ಅದು ಪೀಂ ಎನ್ನುತ್ತದೆ. ಸೆಲ್ಫ್ ದಾರಿಯನ್ನು ಸೆಲ್ಫ್ ಹೊಡೆಯುತ್ತಲೇ ಅಳೆಯಬೇಕು.

ಬಿಚ್ಚುವಾಗ 10ನೇ ನಂಬರ್ ಸ್ಪ್ಯಾನರಿನಿಂದ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಮೈನಸ್ ಮೊದಲೇ ಕಳಚಿದ್ದರೆ ತಾಗಿದರೂ ಏನಾಗದು. ಹಳೆ ಅರ್ತ್ ಕೇಬಲ್ ಹೊರಗಿನಿಂದ ನೋಡಲು ಚೆನ್ನಾಗಿಯೇ ಇತ್ತು. ಲಗ್ ಹತ್ತಿರ ಬಾಗಿಸಿದರೆ ಒಳಗೆ ಕರಕರ ಎನ್ನುತ್ತಿತ್ತು. ಬ್ಲೇಡಿನಿಂದ ರಬ್ಬರ್ ಸೀಳಿದರೆ ತಾಮ್ರದ ಎಳೆಗಳು ಹಸಿರು ಪುಡಿಯಾಗಿದ್ದವು, ಲಗ್‌ನಿಂದ ಮೂರು ಇಂಚು ಒಳಗಿನವರೆಗೆ. ಗೇರ್‌ಬಾಕ್ಸ್ ಕಡೆಯ ತುದಿ ಕೆಳಗಿರುವುದರಿಂದ ಮಳೆನೀರು, ಗಾಡಿ ತೊಳೆಯುವ ಪ್ರೆಶರ್ ನೀರು ಎಲ್ಲ ಅಲ್ಲೇ ಸೇರಿ ಎಳೆಗಳ ಸಂದಿಯಲ್ಲಿ ಮೇಲೇರುತ್ತವೆ. ಕರಾವಳಿಯ ಗಾಡಿಗಳಲ್ಲಿ ಉಪ್ಪುಗಾಳಿಗೆ ಇದು ಇನ್ನೂ ಬೇಗ.

ಕೆಟ್ಟ ತುದಿ ಕತ್ತರಿಸಿ ಹೊಸ ಲಗ್ ಹಾಕಬಹುದಿತ್ತು, ಉದ್ದ ಸಾಲುತ್ತಿರಲಿಲ್ಲ. ಎಂಜಿನ್ ಅಲುಗಾಡುತ್ತದೆ, ಕೇಬಲ್ ಬಿಗಿಯಾಗಿ ನಿಂತರೆ ಮತ್ತೆ ಬುಡದಲ್ಲೇ ಮುರಿಯುತ್ತದೆ. ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ 25 ಚದರ ಮಿಲಿಮೀಟರಿನ ಮೆತ್ತನೆಯ ತಾಮ್ರದ ಕೇಬಲ್ 55 ಸೆಂಟಿಮೀಟರ್ ಕತ್ತರಿಸಿಕೊಂಡು, 8 ಮಿಲಿಮೀಟರ್ ತೂತಿನ ತಾಮ್ರದ ಲಗ್ ಅನ್ನು ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿ, ಅದರ ಮೇಲೆ ಒಳಮೈಗೆ ಅಂಟು ಬಳಿದ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಹಾಕಿಸಿದೆವು. ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿದ ಲಗ್ ಬೇಡ. ಅಲ್ಯೂಮಿನಿಯಂಗೆ ತಾಮ್ರದ ಬಣ್ಣ ಬಳಿದ ಕೇಬಲ್ಲೂ ಮಾರುಕಟ್ಟೆಯಲ್ಲಿದೆ, ಒಂದು ಎಳೆಯನ್ನು ಕೆರೆದು ನೋಡಿದರೆ ಬೆಳ್ಳಗೆ ಕಾಣುತ್ತದೆ. ಜಂಪ್ ಕೇಬಲ್ ಕೊಳ್ಳುವಾಗಲೂ ಇದೇ ಎಚ್ಚರ, ದಪ್ಪ ರಬ್ಬರಿನೊಳಗೆ ಕೂದಲೆಳೆ ಇಟ್ಟಿರುತ್ತಾರೆ.

ಗೇರ್‌ಬಾಕ್ಸಿನ ಮೇಲೆ ಲಗ್ ಕೂರುವ ಜಾಗವನ್ನು ಎಮರಿ ಪೇಪರಿನಿಂದ ಹೊಳೆಯುವವರೆಗೆ ಉಜ್ಜಿ, ಬೋಲ್ಟ್ ಬಿಗಿದು, ಆಮೇಲೆ ಮೇಲಿಂದ ಪೆಟ್ರೋಲಿಯಂ ಜೆಲ್ಲಿ ಸವರಿದೆವು. ಬ್ಯಾಟರಿ ಮೊಳೆಗಳಿಗೂ ಅದೇ: ಒಂದು ಲೋಟ ಬಿಸಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ, ತಂತಿ ಬ್ರಷ್, ಒಣಬಟ್ಟೆ, ಬಿಗಿತ, ಕೊನೆಗೆ ಜೆಲ್ಲಿ. ನೊರೆ ಬ್ಯಾಟರಿಯ ಮುಚ್ಚಳದ ತೂತಿನೊಳಗೆ ಇಳಿಯಬಾರದು, ಇಳಿದರೆ ಆಸಿಡ್ ಸಪ್ಪೆಯಾಗುತ್ತದೆ. ಕ್ಲಾಂಪ್ ಕೈಯಲ್ಲಿ ತಿರುಚಿದರೆ ಒಂದಿನಿತೂ ಅಲುಗಬಾರದು.

ಸೆಲ್ಫ್ ಹೊಡೆಯುತ್ತ ಮತ್ತೆ ಅಳೆದಾಗ: ಬ್ಯಾಟರಿ ಮೊಳೆಗಳ ಮೇಲೆ 10.7, ಪ್ಲಸ್ ಕಡೆ 0.22, ಅರ್ತ್ ಕಡೆ 0.12. ಈಗ ಬ್ಯಾಟರಿ ಹತ್ತೂವರೆ ಹತ್ತಿರಕ್ಕೆ ಇಳಿದದ್ದೇ ಶುಭಸೂಚನೆ, ಕರೆಂಟ್ ಹರಿಯುತ್ತಿದೆ.

ಸದ್ದು ಟಕಟಕದ ಬದಲು ಒಂದೇ ಟಕ್ ಆಗಿದ್ದರೆ ಕೆಲಸ ಸೆಲ್ಫ್ ಮೇಲೇ ನಡೆಯಬೇಕಿತ್ತು. ಸಾಲಿನಾಯ್ಡ್ ಮೇಲೆ ಎರಡು ದಪ್ಪ ಬೋಲ್ಟುಗಳಿರುತ್ತವೆ, ಒಂದು ಬ್ಯಾಟರಿಯಿಂದ ಬಂದದ್ದು, ಇನ್ನೊಂದು ಮೋಟರಿನೊಳಕ್ಕೆ ಹೋಗುವುದು. ಟಕ್ ಎಂದ ಹೊತ್ತಿನಲ್ಲಿ ಮೊದಲನೆಯದರ ಮೇಲೆ 12 ಇದ್ದು ಎರಡನೆಯದರ ಮೇಲೆ ಏನೂ ಇಲ್ಲದಿದ್ದರೆ ಒಳಗಿನ ತಾಮ್ರದ ಬಿಲ್ಲೆ, ಬೋಲ್ಟಿನ ತಲೆ ಸುಟ್ಟು ಕಪ್ಪಾಗಿವೆ. ಎರಡನೆಯದರ ಮೇಲೂ ಹನ್ನೊಂದಕ್ಕಿಂತ ಹೆಚ್ಚಿದ್ದು ಮೋಟರ್ ತಿರುಗದಿದ್ದರೆ ಕಾರ್ಬನ್ ಬ್ರಷ್ ಸವೆದು ಮೋಟರಿನ ತಿರುಗುವ ಭಾಗವಾದ ಆರ್ಮೇಚರನ್ನು ಮುಟ್ಟುತ್ತಿಲ್ಲ. ಇಂಥ ಸೆಲ್ಫ್ ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಕೈಕೊಡುತ್ತದೆ, ನಾಲ್ಕು ಸಲ ಕೀ ತಿರುಗಿಸಿದರೆ ಐದನೆಯದಕ್ಕೆ ಹತ್ತಿಕೊಳ್ಳುತ್ತದೆ. ಒಬ್ಬರು ಕೀ ಹಿಡಿದಿರುವಾಗ ಸುತ್ತಿಗೆಯ ಮರದ ಹಿಡಿಯಿಂದ ಸೆಲ್ಫಿನ ಮೈಗೆ ಮೆಲ್ಲಗೆ ತಟ್ಟಿದರೆ ಬ್ರಷ್ ಕೂತು ಓಡುವುದುಂಟು. ಅಂಗಡಿಯವರೆಗೆ ತಲುಪಲು ಅಷ್ಟು ಸಾಕು. ಜೋರಾಗಿ ಬಡಿದರೆ ಒಳಗಿನ ಅಯಸ್ಕಾಂತ ಸೀಳುತ್ತದೆ, ಈಗಿನ ಸಣ್ಣ ಕಾರುಗಳ ಸೆಲ್ಫ್‌ಗಳಲ್ಲಿ ಇರುವುದು ಹೆಚ್ಚಾಗಿ ಅಂಟಿಸಿದ ಶಾಶ್ವತ ಅಯಸ್ಕಾಂತಗಳೇ. ಬ್ರಷ್ ಸೆಟ್, ಬುಷ್, ಸಾಲಿನಾಯ್ಡ್ ಬಿಡಿಬಿಡಿಯಾಗಿ ಸಿಗುತ್ತವೆ, ಇಡೀ ಸೆಲ್ಫ್ ಬದಲಿಸಬೇಕೆಂದಿಲ್ಲ.

ಒಂದೇ ಟಕ್, ಜೊತೆಗೆ ದೀಪ ಪೂರ್ತಿ ಮಂಕು ಎಂದಾದರೆ ಮೋಟರ್ ಕರೆಂಟ್ ಕುಡಿಯುತ್ತಿದೆ ಆದರೆ ತಿರುಗಲಾಗುತ್ತಿಲ್ಲ. ಕೀ ತೆಗೆದು, ಕಾರನ್ನು ನಾಲ್ಕನೇ ಗೇರಿನಲ್ಲಿಟ್ಟು ಹಿಂದೆ ಮುಂದೆ ತಳ್ಳಿ ನೋಡಬೇಕು. ಫ್ಲೈವೀಲಿನಲ್ಲಿ ಸಿಕ್ಕಿಕೊಂಡ ಪಿನಿಯನ್ ಇದ್ದರೆ ಅಲ್ಲೇ ಬಿಡುತ್ತದೆ. ಒಂದು ಚೂರೂ ಅಲುಗದಿದ್ದರೆ ಎಂಜಿನ್ನೇ ಹಿಡಿದಿದೆ. ಮಳೆಗಾಲದಲ್ಲಿ ಅಂಡರ್‌ಪಾಸಿನ ನೀರಿನಲ್ಲಿ ನಿಂತುಹೋದ ಕಾರು ಟಕ್ ಎಂದರೆ ಎರಡನೇ ಸಲ ಕೀ ತಿರುಗಿಸಲೇಬಾರದು. ಸಿಲಿಂಡರಿನೊಳಗೆ ನೀರು ಸೇರಿದ್ದರೆ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ಹೊರಹಾಕಿದ ಮೇಲೇ ಮುಂದಿನ ಮಾತು.

ಟಿಕ್ ಮಾತ್ರ ಬರುವ ಕಾರಿನಲ್ಲಿ ನೋಡಬೇಕಾದದ್ದು ಸಾಲಿನಾಯ್ಡಿನ 50ನೇ ಟರ್ಮಿನಲ್‌ಗೆ ಬರುವ ಸಣ್ಣ ತಂತಿ. ಕೀ ತಿರುಗಿಸಿದಾಗ ಅಲ್ಲಿ 10ಕ್ಕಿಂತ ಹೆಚ್ಚು ಬರಬೇಕು. ಏಳೋ ಎಂಟೋ ಬಂದರೆ ರಿಲೇ ಕಾಂಟ್ಯಾಕ್ಟ್, ಇಗ್ನಿಷನ್ ಸ್ವಿಚ್ ಅಥವಾ ನಡುವಿನ ಕಪ್ಲರ್ ಸುಟ್ಟಿದೆ. ಒಂದೇ ನಂಬರಿನ ಹಾರ್ನ್ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡುವುದು ಎರಡು ನಿಮಿಷದ ಕೆಲಸ. ಏನೂ ಬಾರದಿದ್ದರೆ ಆ ತಂತಿಯನ್ನು ಉದ್ದಕ್ಕೂ ನೋಡಿ, ನಮ್ಮಲ್ಲಿ ಇಲಿಗಳಿಗೆ ಬಾನೆಟ್ ಒಳಗಿನ ಬೆಚ್ಚನೆಯ ಜಾಗ ಬಹಳ ಇಷ್ಟ.

ನೂಕಿ ಸ್ಟಾರ್ಟ್ ಮಾಡುವುದು ಮ್ಯಾನುಯಲ್ ಗೇರಿನ ಕಾರಿಗೆ ಮಾತ್ರ: ಕೀ ಆನ್, ಎರಡನೇ ಗೇರ್, ಕ್ಲಚ್ ಒತ್ತಿ, ಓಡುವ ವೇಗ ಬಂದಾಗ ಬಿಡುವುದು. ಪೆಟ್ರೋಲ್ ಪಂಪಿಗೂ ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯುಗೂ ವೋಲ್ಟ್ ಬೇಕಾದ್ದರಿಂದ ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ನೂಕಿದರೂ ಬೆವರು ಮಾತ್ರ. ಅಂಬಾಸಡರಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದ ಕಾಲ ಹೋಯಿತು.

ಮತ್ತೆ ನಮ್ಮ ಕಾರಿಗೆ. 14 ತಿಂಗಳ ಬ್ಯಾಟರಿ ಮುಕ್ಕಾಲಿಗೆ ಇಳಿದದ್ದು ಏಕೆ ಎನ್ನುವುದು ಬಾಕಿಯಿತ್ತು. ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಕೂತಿರುವುದೂ ಎಂಜಿನ್ ಮೇಲೆ, ಅದರ ಕರೆಂಟಿಗೂ ಅದೇ ಅರ್ತ್ ಕೇಬಲ್ಲೇ ದಾರಿ. ಹಳೆ ಕೇಬಲ್ ಇದ್ದಾಗ, ಜಂಪ್ ಕೇಬಲ್ ತೆಗೆದ ಮೇಲೆ ಎಂಜಿನ್ ಓಡುತ್ತಿರುವಾಗಲೇ ಅಳೆದಿಟ್ಟುಕೊಂಡಿದ್ದೆವು: ಆಲ್ಟರ್ನೇಟರಿನ ದಪ್ಪ ಬೋಲ್ಟಿನಿಂದ ಎಂಜಿನ್ ಲೋಹಕ್ಕೆ 14.3, ಬ್ಯಾಟರಿ ಮೊಳೆಗಳ ಮೇಲೆ 13.2 ಮಾತ್ರ. ಹೆಡ್‌ಲೈಟ್, ಬ್ಲೋವರ್ ಹಾಕಿದರೆ ಅದೂ 12.4ಕ್ಕೆ. ಹೊಟ್ಟೆ ತುಂಬ ಚಾರ್ಜ್ ಸಿಗದೆ ಬ್ಯಾಟರಿ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಓಡಿತ್ತು. ಹೊಸ ಬ್ಯಾಟರಿ ಹಾಕಿದ್ದರೆ ಅದಕ್ಕೂ ಇದೇ ಗತಿ. ಹೊಸ ಕೇಬಲ್ ಬಿದ್ದ ಮೇಲೆ ಮೊಳೆಗಳ ಮೇಲೆ 14.2, ಎಲ್ಲ ದೀಪ ಹಾಕಿದಾಗ 13.9. ಆಲ್ಟರ್ನೇಟರ್ ಸರಿಯಿದೆಯೇ ನೋಡಲು ಎಂಜಿನ್ ಓಡುವಾಗ ಬ್ಯಾಟರಿ ಕಳಚುವ ಹಳೆಯ ರೂಢಿ ಮಾತ್ರ ಬೇಡ, ವೋಲ್ಟೇಜ್ ಚಿಮ್ಮಿ ಇಸಿಯು ಸುಡಬಹುದು.

ಬ್ಯಾಟರಿಯನ್ನು ಹೊರಗೆ ತೆಗೆದು 3.5 ಆಂಪಿಯರಿನಲ್ಲಿ, ಅಂದರೆ ಆಂಪಿಯರ್-ಅವರಿನ ಹತ್ತನೇ ಒಂದರಲ್ಲಿ, ಚಾರ್ಜರಿಗೆ ಹಾಕಿಟ್ಟು, ಮರುದಿನ ಅಳೆದರೆ 12.66. ಕೊನೆಯದಾಗಿ ನಿಂತ ಕಾರು ಎಷ್ಟು ಕುಡಿಯುತ್ತದೆ ಎಂದು ನೋಡಿದೆವು. ಕೀ ತೆಗೆದು, ಬಾಗಿಲು ಮುಚ್ಚಿ, ಅರ್ಧ ಗಂಟೆ ಬಿಟ್ಟು, ಮೈನಸ್ ಕ್ಲಾಂಪ್ ಮತ್ತು ಮೊಳೆಯ ನಡುವೆ ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಸೇರಿಸಿದಾಗ 0.03 ಆಂಪಿಯರ್. 0.05ರವರೆಗೆ ಚಿಂತೆಯಿಲ್ಲ, 0.05ರಲ್ಲಿ 35 ಆಂಪಿಯರ್-ಅವರ್ ಪೂರ್ತಿ ಖಾಲಿಯಾಗಲು 700 ಗಂಟೆ, 29 ದಿನ ಬೇಕು. ಆಮೇಲೆ ಹಾಕಿಸಿದ ಡ್ಯಾಶ್‌ಕ್ಯಾಮ್, ಜಿಪಿಎಸ್, ಆಂಪ್ಲಿಫೈಯರ್ ಇರುವ ಕಾರಿನಲ್ಲಿ ಈ ಅಂಕಿ 0.3 ಬಂದರೆ ಅದೇ ಬ್ಯಾಟರಿ ಐದು ದಿನಕ್ಕೆ ಮಲಗುತ್ತದೆ, ಆಗ ಫ್ಯೂಸ್ ಒಂದೊಂದಾಗಿ ಕಿತ್ತು ಅಂಕಿ ಯಾವುದಕ್ಕೆ ಬೀಳುತ್ತದೆ ನೋಡಬೇಕು. ಮೀಟರ್ ಹೀಗೆ ಸೇರಿಸಿರುವಾಗ ಯಾರೂ ಕೀ ಮುಟ್ಟದಿರಲಿ ಅಂತ ಕೀಯನ್ನು ಜೇಬಿಗೆ ಹಾಕಿಕೊಂಡೇ ಕೂತಿದ್ದೆವು.